ಬಟಾಟೆ, ಮೊಟ್ಟೆ, ಸಮುದ್ರದ ನೀರು: ವಿಸರಣೆ ಮತ್ತು ಅಭಿಸರಣೆಯನ್ನು ಪ್ರಯೋಗ ಮಾಡಿಯೇ ಕಲಿಯೋಣ

ಹಲಸಿನ ಕಾಲದಲ್ಲಿ ಕಾಸರಗೋಡಿನ ಕಡೆ ಎಷ್ಟೋ ಮನೆಗಳಲ್ಲಿ ಉಪ್ಪುಸೊಳೆ ಹಾಕುತ್ತಾರೆ. ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ ಭರಣಿಗೆ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಎಂದು ತುಂಬುತ್ತಾ ಹೋಗುತ್ತಾರೆ. ಒಂದು ತೊಟ್ಟು ನೀರನ್ನೂ ಹಾಕುವುದಿಲ್ಲ. ಆದರೂ ಮರುದಿನ ಮುಚ್ಚಳ ತೆಗೆದರೆ ಭರಣಿಯಲ್ಲಿ ನೀರು ನಿಂತಿರುತ್ತದೆ. ಆ ನೀರು ಸೊಳೆಯ ಜೀವಕೋಶಗಳೊಳಗಿನದ್ದು. ಹೊರಗಿನ ಉಪ್ಪು ಅದನ್ನು ಎಳೆದು ತಂದಿದೆ. ಇದು ಅಭಿಸರಣೆ, ಅಂದರೆ ಆಸ್ಮೋಸಿಸ್. ತಿಂಗಳುಗಳ ನಂತರ ಮಳೆಗಾಲದಲ್ಲಿ ಅದೇ ಸೊಳೆಯನ್ನು ನೀರಲ್ಲಿ ನೆನೆಹಾಕಿ ಉಪ್ಪು ಬಿಡಿಸುತ್ತಾರೆ. ಅಷ್ಟರಲ್ಲಿ ಕೋಶಗಳು ಸತ್ತು, ಪೊರೆ ಹರಿದು, ಉಪ್ಪು ಒಳಗೆ ಸೇರಿರುತ್ತದೆ. ಈಗ ಅದು ಜಾಸ್ತಿ ಇರುವಲ್ಲಿಂದ ಕಮ್ಮಿ ಇರುವ ಕಡೆಗೆ, ಅಂದರೆ ನೀರಿಗೆ, ಹರಡುತ್ತದೆ. ಇದು ವಿಸರಣೆ, ಡಿಫ್ಯೂಷನ್.

ಇಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ವನ್‌ಗೆ ಹೋದ ಮಕ್ಕಳಿಗೆ ಇದೇ ಪಾಠ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಆಗ ವ್ಯಾಖ್ಯೆ ಬಾಯಿಪಾಠ ಮಾಡಿ ದಾಟಿಬಿಡುವವರೇ ಜಾಸ್ತಿ. ನನ್ನ ಪ್ರಕಾರ ಈ ಪಾಠವನ್ನು ಬಾಯಿಪಾಠ ಮಾಡುವುದು ದೊಡ್ಡ ನಷ್ಟ. ಇದಕ್ಕೆ ಬೇಕಾದ ಸಾಮಾನು ಮುಕ್ಕಾಲು ಪಾಲು ಅಡುಗೆಮನೆಯಲ್ಲೂ ತೋಟದಲ್ಲೂ ಸಿಗುತ್ತದೆ.

ಮೊದಲು ಎರಡು ಮಾತು, ಮೂರು ಅಭ್ಯಾಸ

ನೀರಲ್ಲಿ ಕರಗಿದ ಕಣಗಳು ಸುಮ್ನೆ ನಿಲ್ಲುವುದಿಲ್ಲ. ಸದಾ ಎಲ್ಲ ದಿಕ್ಕಿಗೂ ಓಡಾಡುತ್ತಿರುತ್ತವೆ. ಯಾವ ಕಣಕ್ಕೂ ಇಂಥ ಕಡೆಗೇ ಹೋಗಬೇಕೆಂಬ ಗುರಿಯಿಲ್ಲ. ಆದರೆ ಹೆಚ್ಚು ಕಣ ಇರುವ ಕಡೆಯಿಂದ ಹೊರಡುವುದೂ ಹೆಚ್ಚು, ಕಮ್ಮಿ ಇರುವ ಕಡೆಯಿಂದ ಹೊರಡುವುದೂ ಕಮ್ಮಿ. ಲೆಕ್ಕ ಹಾಕಿದರೆ ಒಟ್ಟು ಹರಿವು ಜಾಸ್ತಿಯಿಂದ ಕಮ್ಮಿಯ ಕಡೆಗೆ. ಎರಡೂ ಕಡೆ ಸಮ ಆದ ಮೇಲೂ ಓಡಾಟ ನಿಲ್ಲುವುದಿಲ್ಲ, ಹೋದಷ್ಟೇ ಬರುತ್ತದೆ.

ಅಭಿಸರಣೆಯಲ್ಲಿ ನಡುವೆ ಒಂದು ಅರೆಪಾರಕ ಪೊರೆ ಇರುತ್ತದೆ. ಅದು ನೀರನ್ನು ಬಿಡುತ್ತದೆ, ಸಕ್ಕರೆಯಂಥ ಕರಗಿದ ವಸ್ತುವನ್ನು ಸುಲಭಕ್ಕೆ ಬಿಡುವುದಿಲ್ಲ. ‘ಕಡಿಮೆ ಸಾಂದ್ರತೆಯಿಂದ ಹೆಚ್ಚು ಸಾಂದ್ರತೆಗೆ’ ಎಂಬ ವಾಕ್ಯವೇ ಮಕ್ಕಳನ್ನು ಗಲಿಬಿಲಿ ಮಾಡುವುದು. ವಿಸರಣೆಯಲ್ಲಿ ಹೆಚ್ಚಿನಿಂದ ಕಡಿಮೆಗೆ ಅಂದಿರಿ, ಇಲ್ಲಿ ತಿರುಗಾ ಮುರುಗಾ ಯಾಕೆ ಎಂದು ಕೇಳುತ್ತಾರೆ. ಸಕ್ಕರೆಯನ್ನು ಬಿಟ್ಟು ನೀರನ್ನೇ ಲೆಕ್ಕ ಹಾಕಿ. ಸಕ್ಕರೆ ಕಮ್ಮಿ ಇರುವ ಕಡೆ ಸ್ವತಂತ್ರವಾಗಿ ಓಡಾಡುವ ನೀರು ಜಾಸ್ತಿ. ನೀರು ತಾನು ಜಾಸ್ತಿ ಇರುವಲ್ಲಿಂದ ಕಮ್ಮಿ ಇರುವ ಕಡೆಗೆ ಹೋಗುತ್ತದೆ. ನಿಯಮ ಒಂದೇ.

ಇನ್ನು ಅಭ್ಯಾಸಗಳು. ಒಂದು, ಪ್ರಯೋಗ ಶುರುಮಾಡುವ ಮೊದಲೇ ‘ನೀರು ಯಾವ ಕಡೆ ಹೋಗುತ್ತದೆ, ಯಾಕೆ’ ಎಂದು ಪುಸ್ತಕದಲ್ಲಿ ಬರೆದಿಡಿ. ಊಹೆ ತಪ್ಪಿದರೆ ಅಳಿಸಬೇಡಿ. ಎರಡು, ಪ್ರತಿ ಪ್ರಯೋಗದ ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದು ಪಾತ್ರೆ ಇರಲಿ. ಒಂದು ಸಂಗತಿ ಮಾತ್ರ ಬೇರೆ, ಉಳಿದದ್ದೆಲ್ಲ ಒಂದೇ. ಮೂರು, ಕಣ್ಣಂದಾಜು ಸಾಲದು, ಅಳೆಯಬೇಕು ಅಥವಾ ತೂಗಬೇಕು.

ವಿಸರಣೆ: ಮೈಲುತುತ್ತು ಮತ್ತು ಎರಡು ಗಾಜಿನ ಲೋಟ

ಅಡಿಕೆ ತೋಟ ಇರುವ ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಸುಣ್ಣದ ಜೊತೆ 1 ಕಿಲೋ ಹಾಕುತ್ತಾರಲ್ಲ, ಅದೇ ಕಾಪರ್ ಸಲ್ಫೇಟ್. ನಮಗೆ ಕಡಲೆ ಗಾತ್ರದ ಎರಡು ಹರಳು ಸಾಕು. ಶಾಲೆಯಲ್ಲಾದರೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದೆರಡು ಕಣ.

ಎರಡು ಲೋಟದಲ್ಲಿ ಒಂದೇ ಮಟ್ಟಕ್ಕೆ ನೀರು ತುಂಬಿ ಅಲುಗಾಡದ ಜಾಗದಲ್ಲಿಡಿ. ಹತ್ತು ನಿಮಿಷ ಬಿಡಿ, ನೀರು ತಣ್ಣಗೆ ನಿಲ್ಲಬೇಕು. ಸ್ಟ್ರಾ ಒಂದನ್ನು ತಳ ಮುಟ್ಟುವ ಹಾಗೆ ಇಳಿಸಿ, ಅದರೊಳಗಿಂದ ಹರಳನ್ನು ಜಾರಿಸಿ, ಸ್ಟ್ರಾವನ್ನು ನಿಧಾನಕ್ಕೆ ಮೇಲೆತ್ತಿ. ಒಂದು ಲೋಟವನ್ನು ಹಾಗೇ ಬಿಡಿ, ಇನ್ನೊಂದನ್ನು ಕಡ್ಡಿಯಲ್ಲಿ ಕಲಕಿ. ಕಲಕಿದ್ದು ಬೇಗ ಸಮನಾಗುತ್ತದೆ. ಕಲಕದ್ದರಲ್ಲಿ ತಳದಲ್ಲೊಂದು ಗಾಢ ನೀಲಿ ಪದರ, ಅದರ ಮೇಲೆ ತಿಳಿಯಾಗುತ್ತಾ ಹೋಗುವ ನೀಲಿ. ಲೋಟದ ಹೊರಗೆ ಸ್ಕೇಲ್ ಅಂಟಿಸಿ, ಬಣ್ಣದ ಮೇಲಂಚು ಎಲ್ಲಿಗೆ ಬಂತು ಎಂದು ಬೆಳಿಗ್ಗೆ ಸಂಜೆ ಗುರುತು ಮಾಡಿ.

ಮೈಲುತುತ್ತು ವಿಷ. ಅಡುಗೆಯ ಪಾತ್ರೆ, ಚಮಚ ಬಳಸಬೇಡಿ, ಕೈ ತೊಳೆಯಿರಿ, ಉಳಿದ ನೀರನ್ನು ಬಾವಿಯ ಹತ್ತಿರವಾಗಲಿ ಕೆರೆ, ತೋಡಿಗಾಗಲಿ ಚೆಲ್ಲಬೇಡಿ.

ಬಿಸಿನೀರಲ್ಲಿ ಬಣ್ಣ ಬೇಗ ಹರಡುತ್ತದೆ ಎಂದು ತೋರಿಸಲು ಒಂದು ಬಿಸಿ, ಒಂದು ತಣ್ಣನೆಯ ಲೋಟ ಇಡುವ ರೂಢಿ ಇದೆ. ಇದರಲ್ಲಿ ಒಂದು ಎಡವಟ್ಟಿದೆ. ಬಿಸಿನೀರು ಆರುತ್ತಾ ಹೋದಂತೆ ಅದರಲ್ಲಿ ಮೇಲೆ ಕೆಳಗೆ ಹರಿವು ಹುಟ್ಟುತ್ತದೆ, ಬಣ್ಣ ಅದರ ಜೊತೆ ಸಾಗುತ್ತದೆ. ಅದು ವಿಸರಣೆ ಮಾತ್ರ ಅಲ್ಲ. ಊದುಬತ್ತಿಯ ಪರಿಮಳದ ಉದಾಹರಣೆಗೂ ಇದೇ ತೊಂದರೆ, ಕೋಣೆಯ ಗಾಳಿಯೇ ಪರಿಮಳವನ್ನು ಹೊತ್ತು ತರುತ್ತದೆ. ನೀರು ಹರಿಯದಂತೆ ಕಟ್ಟಿಹಾಕಿದರೆ ಮಾತ್ರ ಅಪ್ಪಟ ವಿಸರಣೆ ಕಾಣುತ್ತದೆ. ಅದಕ್ಕೇ ಮುಂದಿನ ಪ್ರಯೋಗ.

ಚೈನಾ ಗ್ರಾಸ್, ಅರಸಿನ, ವಾಷಿಂಗ್ ಸೋಡ

ಪುಡ್ಡಿಂಗ್ ಮಾಡಲು ಬಳಸುವ ಚೈನಾ ಗ್ರಾಸ್ ಅಂದರೆ ಲ್ಯಾಬಿನ ಅಗರ್. 10 ಗ್ರಾಂ ಚೈನಾ ಗ್ರಾಸನ್ನು 500 ಮಿ.ಲೀ. ನೀರಿನಲ್ಲಿ ಪೂರಾ ಕರಗುವ ತನಕ ಕುದಿಸಿ. ಅರ್ಧ ಚಮಚ ಅರಸಿನ ಪುಡಿ ಸೇರಿಸಿ, ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಎತ್ತರಕ್ಕೆ ಬರುವಂತೆ ಡಬ್ಬಿಗೆ ಹೊಯ್ಯಿರಿ. ಫ್ರಿಜ್ ಬೇಡ, ಆರಿದರೆ ತಾನೇ ಗಟ್ಟಿಯಾಗುತ್ತದೆ. ಸ್ಕೇಲ್ ಇಟ್ಟು 1, 2 ಮತ್ತು 3 ಸೆಂಟಿಮೀಟರಿನ ಘನಾಕೃತಿಗಳನ್ನು ಕತ್ತರಿಸಿ. 2 ಸೆಂಟಿಮೀಟರಿನದ್ದು ಎರಡು ಜಾಸ್ತಿ ಇರಲಿ.

ಅರಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕ್ಷಾರ ಯಾವುದಾದರೂ ಅದೇ ಆಗುತ್ತದೆ. ಒಂದು ದೊಡ್ಡ ಡಬ್ಬಿ ನೀರಿಗೆ ನಾಲ್ಕೈದು ಚಮಚ ವಾಷಿಂಗ್ ಸೋಡ ಕರಗಿಸಿ, ಹೆಚ್ಚುವರಿ ಎರಡನ್ನು ಬದಿಗಿಟ್ಟು ಉಳಿದ ಮೂರು ತುಂಡುಗಳನ್ನು ಒಟ್ಟಿಗೇ ಮುಳುಗಿಸಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮುಕ್ಕಾಲು ಗಂಟೆಯ ನಂತರ 1, 2, 3 ಸೆಂಟಿಮೀಟರಿನ ಒಂದೊಂದನ್ನು ತೆಗೆದು ಒರೆಸಿ, ನಡುವೆ ಕೊಯ್ಯಿರಿ. ಹೊರಗೆ ಕೆಂಪು ಅಂಚು, ಒಳಗೆ ಹಳದಿ ಚೌಕ. ಅಂಚಿನ ದಪ್ಪ ಮೂರರಲ್ಲೂ ಹೆಚ್ಚು ಕಮ್ಮಿ ಒಂದೇ. ಸೋಡ ಸಾಗಿದ ದೂರ ಸಮ, ಆದರೆ ತಲುಪಿದ ಪಾಲು ಸಮ ಅಲ್ಲ.

ಲೆಕ್ಕ ಮಾಡಿ ನೋಡಿ. ಅಂಚು 2.5 ಮಿ.ಮೀ. ದಪ್ಪ ಇದೆ ಅಂದುಕೊಳ್ಳಿ. 1 ಸೆಂಟಿಮೀಟರಿನ ಘನದೊಳಗೆ ಉಳಿದ ಹಳದಿ ಭಾಗ ಅರ್ಧ ಸೆಂಟಿಮೀಟರಿನ ಘನ, ಅಂದರೆ ಒಟ್ಟು ಗಾತ್ರದ ಶೇ. 12.5 ಮಾತ್ರ. ಶೇ. 87.5 ಭಾಗಕ್ಕೆ ಸೋಡ ತಲುಪಿದೆ. 2 ಸೆಂಟಿಮೀಟರಿನದ್ದರಲ್ಲಿ ತಲುಪಿದ್ದು ಸುಮಾರು ಶೇ. 58, 3 ಸೆಂಟಿಮೀಟರಿನದ್ದರಲ್ಲಿ ಸುಮಾರು ಶೇ. 42. ಮೇಲ್ಮೈಯನ್ನು ಗಾತ್ರದಿಂದ ಭಾಗಿಸಿದರೆ ಸಿಗುವ ಅಂಕೆಗಳು ಕ್ರಮವಾಗಿ 6, 3, 2. ಜೀವಕೋಶ ಯಾಕೆ ಸಣ್ಣದಾಗಿಯೇ ಇರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಈಗ ಆ ಎರಡು ಹೆಚ್ಚುವರಿ ತುಂಡು. ಇವನ್ನು ಹೊಸ ಸೋಡ ನೀರಿಗೆ ಒಟ್ಟಿಗೆ ಹಾಕಿ, ಒಂದನ್ನು 15 ನಿಮಿಷಕ್ಕೆ, ಇನ್ನೊಂದನ್ನು 60 ನಿಮಿಷಕ್ಕೆ ತೆಗೆದು ಕೊಯ್ಯಿರಿ. ಸಮಯ ನಾಲ್ಕು ಪಟ್ಟಾಯಿತು, ಅಂಚಿನ ದಪ್ಪ ನಾಲ್ಕು ಪಟ್ಟಾಗುವುದಿಲ್ಲ, ಎರಡು ಪಟ್ಟಿನ ಆಸುಪಾಸು ಇರುತ್ತದೆ. ವಿಸರಣೆಯಲ್ಲಿ ದೂರ ಎರಡರಷ್ಟಾದರೆ ಸಮಯ ನಾಲ್ಕರಷ್ಟು ಬೇಕು. ಐನ್‌ಸ್ಟೈನ್ 1905ರಲ್ಲಿ ಕಣಗಳ ಓಡಾಟದ ಬಗ್ಗೆ ಬರೆದ ಲೇಖನದಲ್ಲಿರುವ ಸಂಬಂಧವೇ ಇದು. ಸಣ್ಣ ಅಣುವೊಂದು ನೀರಿನಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು ದೂರ ಸಾಗಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಒಂದು ಸೆಂಟಿಮೀಟರಿಗೆ ಹದಿಮೂರು ಹದಿನಾಲ್ಕು ಗಂಟೆ ಬೇಕು. ಅದಕ್ಕೇ ನಮಗೆ ರಕ್ತ ಸಂಚಾರ ಬೇಕಾದದ್ದು. ಹರಿವಿಲ್ಲದೆ ವಿಸರಣೆಯನ್ನೇ ನಂಬಿ ಕೂತರೆ ಆಮ್ಲಜನಕ ಕಾಲ್ಬೆರಳು ಮುಟ್ಟುವುದಿಲ್ಲ. ಹೈಸ್ಕೂಲಿನ ಮಕ್ಕಳು ಇದನ್ನು ಚಾಕು, ಸ್ಕೇಲಿನಲ್ಲೇ ಕಂಡುಕೊಳ್ಳಬಹುದು. ಇಡೀ ಪಾಠದಲ್ಲಿ ನನಗೆ ಅತಿ ಇಷ್ಟದ ಪ್ರಯೋಗ ಇದು.

ಅಭಿಸರಣೆ: ಬಟಾಟೆಯ ಬಟ್ಟಲು

ಇದು ಎಲ್ಲ ಪುಸ್ತಕದಲ್ಲೂ ಇರುವುದರಿಂದ ಚುಟುಕಾಗಿ ಹೇಳುತ್ತೇನೆ. ದೊಡ್ಡ ಬಟಾಟೆಯ ಸಿಪ್ಪೆ ತೆಗೆದು, ಒಂದು ತುದಿ ಚಪ್ಪಟೆ ಕೊಯ್ದು, ಇನ್ನೊಂದು ತುದಿಯಿಂದ ಗುಳಿ ತೋಡಿ. ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ಉಳಿಯಲಿ, ತೂತಾಗಬಾರದು. ಗುಳಿಯ ಅರ್ಧದವರೆಗೆ ಸಕ್ಕರೆ ಪಾಕ ಹಾಕಿ, ಮಟ್ಟಕ್ಕೆ ಸರಿಯಾಗಿ ಗುಂಡುಸೂಜಿ ಚುಚ್ಚಿ, ತಟ್ಟೆಯ ನೀರಲ್ಲಿ ನಿಲ್ಲಿಸಿ. ಒಂದೆರಡು ಗಂಟೆಯಲ್ಲಿ ಪಾಕದ ಮಟ್ಟ ಸೂಜಿ ದಾಟಿ ಏರಿರುತ್ತದೆ.

ಸಿಪ್ಪೆ ತೆಗೆಯದೆ ಮಾಡಿದರೆ ಏನೂ ಆಗದೆ ಹೋಗಬಹುದು. ಸಿಪ್ಪೆ ಬಟಾಟೆ ಒಣಗದಂತೆ ಕಾಯುವ ಹೊದಿಕೆ, ನೀರನ್ನು ಬಿಡುವುದು ಕಮ್ಮಿ. ಹೋಲಿಕೆಗೆ ಎರಡು ಬಟ್ಟಲು ಇಡಿ. ಒಂದರ ಗುಳಿಯಲ್ಲಿ ಪಾಕದ ಬದಲು ನೀರು. ಇನ್ನೊಂದು ಬೇಯಿಸಿದ ಬಟಾಟೆ, ಗುಳಿಯಲ್ಲಿ ಪಾಕ. ಬೆಂದದ್ದರಲ್ಲಿ ಮಟ್ಟ ಹಾಗೆ ಏರುವುದಿಲ್ಲ. ಬೇಯುವಾಗ ಕೋಶದ ಪೊರೆಗಳು ಒಡೆದಿವೆ, ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುವವರು ಯಾರೂ ಉಳಿದಿಲ್ಲ. ಈ ಮೂರನೆಯ ಬಟ್ಟಲೇ ನಿಜವಾದ ಪಾಠ, ಆದರೆ ಸಮಯ ಸಾಲದು ಎಂದು ಮೊದಲು ಕೈಬಿಡುವುದೂ ಇದನ್ನೇ.

ಪೊರೆಯಲ್ಲಿ ನೀರಿಗೆಂದೇ ಪ್ರೋಟೀನಿನ ಸಣ್ಣ ದಾರಿಗಳಿವೆ. ಅಕ್ವಾಪೋರಿನ್ ಎಂಬ ಈ ದಾರಿಯನ್ನು ಕಂಡುಹಿಡಿದ ಪೀಟರ್ ಏಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಬಟಾಟೆಯ ಕಡ್ಡಿಗಳು: ತೂಗಿ ತಿಳಿಯುವುದು

ಲ್ಯಾಬಿನಲ್ಲಿ ಒಂದೇ ಪ್ರಯೋಗಕ್ಕೆ ಸಮಯ ಇದ್ದರೆ ಇದನ್ನೇ ಮಾಡಿ. ಮೇಲೆ ಹೇಳಿದ್ದು ‘ನೀರು ಹೋಯಿತು’ ಎಂದಷ್ಟೇ ತೋರಿಸುತ್ತದೆ, ಇದು ಎಷ್ಟು ಹೋಯಿತು ಎಂದೂ ಹೇಳುತ್ತದೆ.

ಮೊದಲು 1 ಮೋಲಾರ್ ಸಕ್ಕರೆ ದ್ರಾವಣ (ಲೀಟರಿಗೆ ಒಂದು ಮೋಲ್, ಅಂದರೆ 342 ಗ್ರಾಂ ಸಕ್ಕರೆ) ಮಾಡಬೇಕು. 200 ಮಿ.ಲೀ.ಗೆ 68.4 ಗ್ರಾಂ ಸಕ್ಕರೆ. ಇಲ್ಲಿ ಜಾಗ್ರತೆ: 200 ಮಿ.ಲೀ. ನೀರು ಅಳೆದು ಅದಕ್ಕೆ ಸಕ್ಕರೆ ಸುರಿಯುವುದಲ್ಲ. ಹಾಗೆ ಮಾಡಿದರೆ ದ್ರಾವಣ 240 ಮಿ.ಲೀ.ಗೂ ಜಾಸ್ತಿಯಾಗಿ ಲೆಕ್ಕವೆಲ್ಲ ತಪ್ಪುತ್ತದೆ. ಸಕ್ಕರೆಯನ್ನು ಸುಮಾರು 120 ಮಿ.ಲೀ. ನೀರಲ್ಲಿ ಕರಗಿಸಿ, ಆಮೇಲೆ 200ರ ಗೆರೆಯವರೆಗೆ ನೀರು ತುಂಬಿ. ಉಪ್ಪಿನಲ್ಲೂ ಮಾಡಬಹುದು, ಆದರೆ ನಮ್ಮ ಮಳೆಗಾಲದಲ್ಲಿ ಕಲ್ಲುಪ್ಪು ನೀರು ಹೀರಿ ಒದ್ದೆಯಾಗಿರುತ್ತದೆ. ತೂಕದಲ್ಲಿ ಉಪ್ಪೆಷ್ಟು, ನೀರೆಷ್ಟು ಗೊತ್ತಾಗುವುದಿಲ್ಲ.

ಆರು ಬೀಕರಿಗೆ ಚೀಟಿ ಅಂಟಿಸಿ. ಮೊದಲನೆಯದರಲ್ಲಿ ಬರೀ ನೀರು 50 ಮಿ.ಲೀ. ಎರಡನೆಯದಕ್ಕೆ 10 ಮಿ.ಲೀ. ದ್ರಾವಣ, 40 ನೀರು, ಇದು 0.2 ಮೋಲಾರ್. ಆಮೇಲೆ 20ಕ್ಕೆ 30, 30ಕ್ಕೆ 20, 40ಕ್ಕೆ 10. ಕೊನೆಯದರಲ್ಲಿ ನೀರು ಬೆರೆಸದ 50 ಮಿ.ಲೀ. ದ್ರಾವಣ.

ಒಂದೇ ಬಟಾಟೆಯಿಂದ, ಅಥವಾ ಒಟ್ಟಿಗೆ ತಂದ ಬಟಾಟೆಗಳಿಂದ, 5 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ ಮತ್ತು ದಪ್ಪದ ಕಡ್ಡಿಗಳನ್ನು ಕತ್ತರಿಸಿ. ಬೀಕರಿಗೆ ಮೂರು. ಕೊಯ್ದ ಕಡ್ಡಿ ಹೊರಗಿದ್ದರೆ ಒಣಗುತ್ತದೆ, ಬೇಗ ಬೇಗ ಮಾಡಿ. ಒತ್ತದೆ, ಹಗುರಕ್ಕೆ ಟಿಶ್ಯೂ ಕಾಗದದಲ್ಲಿ ಒರೆಸಿ ತೂಗಿ. ತಕ್ಕಡಿ 0.1 ಗ್ರಾಂ ತೋರಿಸಿದರೆ ಸಾಲದು, 0.01 ಗ್ರಾಂ ತೋರಿಸಬೇಕು. ಅದು ಇಲ್ಲದಿದ್ದರೆ ಮೂರು ಕಡ್ಡಿ ಒಟ್ಟಿಗೆ ತೂಗಿ.

ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ಮೂರು ಗಂಟೆ ಬಿಡಿ. ಇರುವೆ ಬರುತ್ತದೆ, ಬೀಕರುಗಳನ್ನು ನೀರು ತುಂಬಿದ ತಟ್ಟೆಯಲ್ಲಿಡಿ. ರಾತ್ರಿಯಿಡೀ ಬಿಡುವುದಾದರೆ ಫ್ರಿಜ್ಜಿನಲ್ಲಿ. ನಮ್ಮ ಸೆಕೆಗೆ ಹೊರಗಿಟ್ಟರೆ ಸಕ್ಕರೆ ನೀರು ಹುಳಿಯಾಗಲು ಶುರುವಾಗುತ್ತದೆ. ಹೊರತೆಗೆದು ಮೊದಲಿನ ಹಾಗೇ ಒರೆಸಿ ತೂಗಿ. ಒರೆಸುವವರು ಎರಡು ಸಲವೂ ಒಬ್ಬರೇ ಇರಲಿ. ಒಬ್ಬರು ಗಟ್ಟಿ ಒತ್ತಿ, ಇನ್ನೊಬ್ಬರು ಮೆಲ್ಲ ಒರೆಸಿದರೆ ಆ ವ್ಯತ್ಯಾಸವೇ ಉತ್ತರದೊಳಗೆ ಸೇರಿಕೊಳ್ಳುತ್ತದೆ.

ತೂಗುವ ಮೊದಲು ಕಡ್ಡಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ನೀರಲ್ಲಿದ್ದದ್ದು ಬಿಗಿಯಾಗಿರುತ್ತದೆ, ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತದೆ. 1 ಮೋಲಾರಿನಲ್ಲಿದ್ದದ್ದು ಮೆತ್ತಗಾಗಿ ಎರಡು ತುದಿ ಕೂಡಿಸುವಷ್ಟು ಬಾಗುತ್ತದೆ. ಬಾಡಿದ ಹರಿವೆ ಸೊಪ್ಪಿಗೆ ನೀರು ಚಿಮುಕಿಸಿದರೆ ಎದ್ದು ನಿಲ್ಲುವುದೂ ಈ ಬಿಗಿಯಿಂದಲೇ.

ಬದಲಾವಣೆಯನ್ನು ಗ್ರಾಂನಲ್ಲಿ ಬರೆಯಬೇಡಿ, ಶೇಕಡಾದಲ್ಲಿ ಬರೆಯಿರಿ. 5.40 ಗ್ರಾಂ ಕಡ್ಡಿ 5.83 ಆದರೆ ಏರಿಕೆ 0.43 ಗ್ರಾಂ. 4.90 ಗ್ರಾಂ ಕಡ್ಡಿ 5.29 ಆದರೆ 0.39. ನೋಡಲು ಬೇರೆ ಬೇರೆ, ಶೇಕಡಾ ತೆಗೆದರೆ ಎರಡೂ ಸುಮಾರು 8. ಕಡ್ಡಿಗಳ ಮೊದಲಿನ ತೂಕ ಒಂದೇ ಇರದ ಕಾರಣ ಇದೊಂದೇ ನ್ಯಾಯವಾದ ಹೋಲಿಕೆ.

ಗ್ರಾಫಿನಲ್ಲಿ ಅಡ್ಡಕ್ಕೆ ಸಾಂದ್ರತೆ, ಉದ್ದಕ್ಕೆ ಶೇಕಡಾ ಬದಲಾವಣೆ. ಸೊನ್ನೆಯ ಗೆರೆ ಮಧ್ಯದಲ್ಲಿರಲಿ, ಯಾಕೆಂದರೆ ಉತ್ತರ ಕೂಡುವುದರಲ್ಲೂ ಕಳೆಯುವುದರಲ್ಲೂ ಬರುತ್ತದೆ. ನಿಮ್ಮ ಗೆರೆ ಸೊನ್ನೆಯನ್ನು ದಾಟುವ ಜಾಗದಲ್ಲಿ ನೀರು ಹೋದಷ್ಟೇ ಬಂದಿದೆ. ಬಟಾಟೆಯಲ್ಲಿ ಅದು ಸಾಮಾನ್ಯವಾಗಿ 0.2 ಮತ್ತು 0.4ರ ನಡುವೆ ಸಿಗುತ್ತದೆ. ಲೆಕ್ಕಕ್ಕೆಂದು 0.3 ಅಂದುಕೊಳ್ಳಿ. ಅಭಿಸರಣ ಒತ್ತಡ, ಅಂದರೆ ಪೊರೆ ದಾಟಿ ನೀರು ಒಳಬರದಂತೆ ತಡೆಯಲು ಬೇಕಾದ ಒತ್ತಡ, ಎಷ್ಟೆಂದು ವಾಂಟ್ ಹಾಫ್ ಸೂತ್ರ ಹೇಳುತ್ತದೆ. ಅದರಂತೆ 0.3 ಗುಣಿಸು 0.0831 (ಅನಿಲ ಸ್ಥಿರಾಂಕ) ಗುಣಿಸು 300 ಕೆಲ್ವಿನ್, ಅಂದರೆ ನಮ್ಮ 27 ಡಿಗ್ರಿ ಸೆಲ್ಸಿಯಸ್. ಉತ್ತರ ಸುಮಾರು 7.5 ಬಾರ್. ಸುತ್ತಲಿನ ಗಾಳಿಯ ಒತ್ತಡದ ಏಳೂವರೆ ಪಟ್ಟು, ಅದೂ ತೆಪ್ಪಗೆ ಕೂತಿರುವ ಒಂದು ಗಡ್ಡೆಯೊಳಗೆ! 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ವಾಂಟ್ ಹಾಫ್ ಅವರಿಗೆ ಸಿಕ್ಕಿದ್ದಕ್ಕೆ ಈ ಅಭಿಸರಣ ಒತ್ತಡದ ಕೆಲಸವೂ ಒಂದು ಕಾರಣ.

ಚಿಪ್ಪಿಲ್ಲದ ಮೊಟ್ಟೆ

ಮೊಟ್ಟೆ ತರದ ಮನೆಯವರು ಇದನ್ನು ಶಾಲೆಯಲ್ಲಿ ಮಾಡಲಿ, ಮನೆಯಲ್ಲಿ ಒಣದ್ರಾಕ್ಷಿ ನೀರಿಗೆ ಹಾಕಿದರೂ ಅರ್ಧ ಪಾಠ ಆಯಿತು. ಎರಡು ಹಸಿ ಮೊಟ್ಟೆಗಳನ್ನು ವಿನೆಗರಿನಲ್ಲಿ ಮುಳುಗಿಸಿ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುತ್ತಾ ಗುಳ್ಳೆ ಏಳುತ್ತದೆ. ಒಂದು ದಿನ ಬಿಟ್ಟು ವಿನೆಗರ್ ಬದಲಿಸಿ, ಇನ್ನೊಂದು ದಿನ ಕಾಯಿರಿ. ನೀರಲ್ಲಿ ಮೆಲ್ಲಗೆ ಉಜ್ಜಿದರೆ ಉಳಿದ ಬಿಳಿ ಪುಡಿ ಹೋಗಿ, ಬೆಳಕಿಗೆ ಹಿಡಿದರೆ ಹಳದಿ ಕಾಣುವ ಮೆತ್ತನೆಯ ಮೊಟ್ಟೆ ಉಳಿಯುತ್ತದೆ. ವಿನೆಗರಿನಲ್ಲೂ ಬಹುಪಾಲು ನೀರೇ ಇರುವುದರಿಂದ ಈ ಹೊತ್ತಿಗೇ ಅದು ಸ್ವಲ್ಪ ಉಬ್ಬಿರುತ್ತದೆ. ಆದ್ದರಿಂದ ಮೊದಲ ತೂಕವನ್ನು ಈಗ ಬರೆಯಿರಿ.

ಒಂದು ಮೊಟ್ಟೆ ನೀರಿಗೆ, ಒಂದು ದಪ್ಪ ಸಕ್ಕರೆ ಪಾಕಕ್ಕೆ. ಪಾಕದಲ್ಲಿ ಮೊಟ್ಟೆ ತೇಲುತ್ತದೆ, ಮೇಲೆ ಸಣ್ಣ ಬಟ್ಟಲು ಇಟ್ಟು ಮುಳುಗಿಸಬೇಕು. ಮರುದಿನ ಒಂದು ಬಿಗಿದು ನಿಂತಿರುತ್ತದೆ, ಇನ್ನೊಂದು ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿಯ ಹಾಗೆ ಚಿರುಟಿರುತ್ತದೆ. ತೂಗಿ, ದಾರದಲ್ಲಿ ಸುತ್ತಳತೆ ತೆಗೆಯಿರಿ. ಆಮೇಲೆ ಚಿರುಟಿದ್ದನ್ನು ನೀರಿಗೆ ಹಾಕಿ, ಮತ್ತೆ ಉಬ್ಬುತ್ತದೆ. ಉಪ್ಪುನೀರಿಗಿಂತ ಪಾಕ ಒಳ್ಳೆಯದು. ಮೊಟ್ಟೆಯ ಪೊರೆ ಸಣ್ಣ ಕಣಗಳನ್ನು ಒಂದಿಷ್ಟು ಒಳಗೆ ಬಿಡುತ್ತದೆ, ಉಪ್ಪು ಹಾಗೆ ನುಸುಳಿ ಉತ್ತರವನ್ನು ಮಸುಕು ಮಾಡುತ್ತದೆ. ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಮೊಟ್ಟೆಯನ್ನು ತಿನ್ನಬೇಡಿ.

ಸೂಕ್ಷ್ಮದರ್ಶಕದಡಿ: ನೇರಳೆ ಎಲೆ ಮತ್ತು ಸಮುದ್ರದ ನೀರು

ಅಂಗಳದ ಬದಿಯಲ್ಲಿ, ಕುಂಡದಲ್ಲಿ ಬೆಳೆಸುವ ರಿಯೋ ಗಿಡ ಗೊತ್ತಲ್ವಾ? ಉದ್ದನೆಯ ಎಲೆ, ಮೇಲೆ ಹಸಿರು, ಅಡಿಯಲ್ಲಿ ನೇರಳೆ. ಆ ನೇರಳೆ ಬಣ್ಣ ಕೋಶದೊಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ, ಇದೆ. ಆದ್ದರಿಂದ ಬೇರೆ ಬಣ್ಣ ಹಾಕದೆಯೇ ಎಲ್ಲವೂ ಕಾಣುತ್ತದೆ.

ಕಾಸರಗೋಡಿನ ಕರಾವಳಿಯವರಿಗೆ ದ್ರಾವಣ ಮಾಡುವ ಕೆಲಸವೂ ಇಲ್ಲ. ಮಂಜೇಶ್ವರದಿಂದ ತೆಂಕಕ್ಕೆ ಎಲ್ಲಿ ಬೇಕಾದರೂ ಒಂದು ಬಾಟಲಿ ಸಮುದ್ರದ ನೀರು ತನ್ನಿ. ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ, ಈ ಕೆಲಸಕ್ಕೆ ಅದು ಧಾರಾಳ ಸಾಕು. ಮಳೆಗಾಲದಲ್ಲಿ ಅಳಿವೆಯ ಹತ್ತಿರದ ನೀರು ಬೇಡ, ಹೊಳೆಯ ಸಿಹಿನೀರು ಬೆರೆತಿರುತ್ತದೆ. ಮರಳು ತಂಗಿದ ಮೇಲೆ ಬಟ್ಟೆಯಲ್ಲಿ ಸೋಸಿ.

ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ನೇರಳೆ ಸಿಪ್ಪೆ ತೆಳ್ಳಗೆ ಎದ್ದು ಬರುತ್ತದೆ. ಚಿಮುಟದಲ್ಲಿ ಎಳೆದು, ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಮಡಚದಂತೆ ಹರಡಿ ಕವರ್ ಸ್ಲಿಪ್ ಹಾಕಿ. ಕಮ್ಮಿ ಪವರಿನಲ್ಲಿ ನೋಡಿ ಚಿತ್ರ ಬರೆದುಕೊಳ್ಳಿ. ಪ್ರತಿ ಕೋಶದಲ್ಲೂ ಗೋಡೆಯಿಂದ ಗೋಡೆಗೆ ನೇರಳೆ ತುಂಬಿರುತ್ತದೆ. ಲೆನ್ಸಿನಿಂದ ಕಣ್ಣು ತೆಗೆಯದೆ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಸಮುದ್ರದ ನೀರು ಬಿಡಿ, ಎದುರು ಅಂಚಿಗೆ ಬ್ಲಾಟಿಂಗ್ ಪೇಪರ್ ತಾಗಿಸಿ. ಕಾಗದ ಹಳೆಯ ನೀರನ್ನು ಹೀರಿ ಹೊಸದನ್ನು ಒಳಗೆ ಎಳೆಯುತ್ತದೆ. ಕೆಲವೇ ನಿಮಿಷದಲ್ಲಿ ನೇರಳೆ ಮೂಲೆಗಳಿಂದ ಬಿಟ್ಟುಕೊಂಡು ಒಳಗೆ ಸರಿಯುತ್ತದೆ. ಗೋಡೆ ಇದ್ದಲ್ಲೇ ಇರುತ್ತದೆ, ನಡುವೆ ಖಾಲಿ ಜಾಗ ಕಾಣುತ್ತದೆ. ಇದು ಪ್ಲಾಸ್ಮೊಲಿಸಿಸ್. ಆ ಖಾಲಿ ಜಾಗದಲ್ಲಿ ಏನಿದೆ ಎಂದು ವೈವಾದಲ್ಲಿ ಕೇಳಿದರೆ ಗಾಳಿ ಎನ್ನಬೇಡಿ. ಅಲ್ಲಿರುವುದು ಹೊರಗಿನ ಉಪ್ಪುನೀರು. ಕೋಶದ ಗೋಡೆ ಅದನ್ನು ತಡೆಯುವುದಿಲ್ಲ, ತಡೆಯುವುದು ಒಳಗಿನ ಪೊರೆ.

ತಡಮಾಡದೆ ಅದೇ ರೀತಿ ಸಿಹಿನೀರು ಹಾಯಿಸಿ. ನೇರಳೆ ಮತ್ತೆ ಹಿಗ್ಗಿ ಗೋಡೆ ಮುಟ್ಟಿದರೆ ಕೋಶ ಇನ್ನೂ ಜೀವಂತ. ಹೋಲಿಕೆಗೆ ಒಂದು ಎಲೆಯನ್ನು ಕುದಿಸಿ, ಅದರ ಸಿಪ್ಪೆಗೂ ಸಮುದ್ರದ ನೀರು ಹಾಕಿ. ಬಣ್ಣ ಸೋರಿರುತ್ತದೆ, ಒಳಗೆ ಸರಿಯುವ ಆಟ ನಡೆಯುವುದೇ ಇಲ್ಲ.

ರೆಕಾರ್ಡಿಗೆ ಏನು ಬರೆಯಬೇಕು

ಪುಸ್ತಕದಲ್ಲಿರುವ ಅಂಕೆ ಬರೆಯಬೇಡಿ, ನಿಮ್ಮ ತಕ್ಕಡಿ ತೋರಿಸಿದ್ದನ್ನೇ ಬರೆಯಿರಿ. ಮೂರು ಕಡ್ಡಿಯಲ್ಲಿ ಒಂದು ಮಾತ್ರ ದಾರಿತಪ್ಪಿ ನಿಂತರೂ ಅದನ್ನು ಬಿಡಬೇಡಿ. ಸರಾಸರಿಯ ಪಕ್ಕದಲ್ಲಿ ಅದನ್ನೂ ತೋರಿಸಿ, ಕಾರಣ ಏನಿರಬಹುದು ಬರೆಯಿರಿ: ತುದಿಯಲ್ಲಿ ಸಿಪ್ಪೆ ಉಳಿದಿತ್ತೇ, ಎರಡು ಕಡ್ಡಿ ಒಂದಕ್ಕೊಂದು ಅಂಟಿ ಕೂತಿದ್ದವೇ, ಒರೆಸುವಾಗ ನೀರು ಉಳಿಯಿತೇ. ಕೋಣೆಯ ಉಷ್ಣತೆ, ಇಟ್ಟ ಸಮಯ, ತೆಗೆದ ಸಮಯ ಕಡ್ಡಾಯ. ಪ್ಲಾಸ್ಮೊಲಿಸಿಸ್ ಚಿತ್ರವನ್ನು ಪಠ್ಯಪುಸ್ತಕ ನೋಡಿ ಅಲ್ಲ, ಲೆನ್ಸಿನಲ್ಲಿ ಕಂಡ ನಾಲ್ಕೈದು ಕೋಶಗಳನ್ನು ನೋಡಿ ಬರೆಯಿರಿ. ಎಲ್ಲ ಕೋಶಗಳೂ ಒಂದೇ ಹೊತ್ತಿಗೆ ಒಂದೇ ರೀತಿ ಕುಗ್ಗುವುದಿಲ್ಲ, ಚಿತ್ರದಲ್ಲಿ ಆ ವ್ಯತ್ಯಾಸವೂ ಬರಲಿ.

ಶಿಕ್ಷಕರಿಗೆ ಒಂದು ಮಾತು. ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಮೊದಲು ಕಡ್ಡಿಗಳನ್ನು ದ್ರಾವಣಕ್ಕೆ ಹಾಕಿಸಿ, ಅವು ನೆನೆಯುವ ಹೊತ್ತಿನಲ್ಲಿ ರಿಯೋ ಎಲೆ ತೋರಿಸಿ. ಮೊಟ್ಟೆಯನ್ನು ಎರಡು ದಿನ ಮೊದಲೇ ವಿನೆಗರಿಗೆ ಹಾಕಿರಬೇಕು, ಅಗರನ್ನು ಹಿಂದಿನ ಸಂಜೆ ಕುದಿಸಿಟ್ಟರೆ ಸಾಕು.